ಮನಸ್ಸಿಲ್ಲದ ದಿನಕ್ಕೊಂದು ಚಿಕ್ಕ ಆಟ

ಗೇಮ್ ಜಾಮ್‌ಗೆ ಹೆಸರು ಕೊಟ್ಟು, ಮೊದಲೆರಡು ರಾತ್ರಿ ನಿದ್ದೆಗೆಟ್ಟು ಕೂತು, ಆಮೇಲೆ ಲ್ಯಾಪ್‌ಟಾಪ್ ತೆರೆಯಲಿಕ್ಕೂ ಬೇಸರವಾಗಿ ಕೈಬಿಟ್ಟವರು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೂ ಇದ್ದಾರೆ. ವಿದ್ಯಾನಗರದ ಹಾಸ್ಟೆಲ್ ಹುಡುಗರ ಬಾಯಲ್ಲಿ ನಾನು ಹೆಚ್ಚಾಗಿ ಕೇಳಿದ ಮಾತು ‘ಮೂಡೇ ಬರವಲ್ದು’ ಎಂಬುದು. ಐಡಿಯಾ ಇಲ್ಲವೆಂದಲ್ಲ, ಕೋಡಿಂಗ್ ಬರುವುದಿಲ್ಲವೆಂದಲ್ಲ, ಮನಸ್ಸಿಲ್ಲ, ಅಷ್ಟೇ. ಮನಸ್ಸು ಬರಿಸುವ ಉಪಾಯ ನನ್ನಲ್ಲಿಲ್ಲ. ಆದರೆ ಮನಸ್ಸಿಲ್ಲದ ದಿನವೂ ಕೈಗೆ ಎಟುಕುವಷ್ಟು ಚಿಕ್ಕದಾಗಿ ಆಟವನ್ನು ಕಟ್ಟುವ ದಾರಿ ಇದೆ. ಅದಕ್ಕೆ ವಿಶುವಲ್ ನಾವೆಲ್‌ನಷ್ಟು ಒದಗಿಬರುವ ಪ್ರಕಾರ ಇನ್ನೊಂದಿಲ್ಲ. ಮಾತಿಗೆ ಎಂದೂ ಬರವಿಲ್ಲದ ಈ ಅವಳಿನಗರಕ್ಕಂತೂ ಅದು ಹೇಳಿ ಮಾಡಿಸಿದ ಪ್ರಕಾರ.

ಜಾಮ್ ಎಂದರೆ ಗೊತ್ತುಪಡಿಸಿದ ಅವಧಿಯೊಳಗೆ, ಸಾಮಾನ್ಯವಾಗಿ ಆರಂಭದ ಹೊತ್ತಿಗೆ ಪ್ರಕಟವಾಗುವ ಒಂದು ವಿಷಯ ಹಿಡಿದು, ಪೂರ್ತಿ ಆಟ ಮಾಡಿ ಒಪ್ಪಿಸುವ ಕೂಟ. 2002ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ ಕ್ರಿಸ್ ಹೆಕರ್, ಶಾನ್ ಬ್ಯಾರೆಟ್ ಮತ್ತು ಗೆಳೆಯರು ‘ಇಂಡಿ ಗೇಮ್ ಜಾಮ್’ ನಡೆಸಿದರು. ಅದೇ ವರ್ಷ ಜೆಫ್ ಹೌಲೆಂಡ್ ಅಂತರ್ಜಾಲದಲ್ಲಿ ‘ಲೂಡಮ್ ಡೇರ್’ ಶುರುಮಾಡಿದರು. 2009ರಿಂದ ಜನವರಿ ಕೊನೆಯ ಹೊತ್ತಿಗೆ ಗ್ಲೋಬಲ್ ಗೇಮ್ ಜಾಮ್ ಹಲವು ದೇಶಗಳಲ್ಲಿ ಒಟ್ಟಿಗೆ ನಡೆಯುತ್ತದೆ. 2013ರಲ್ಲಿ ಅದರ ಸಂಘಟಕರು ಕೊಟ್ಟ ವಿಷಯ ಒಂದು ಪದವೂ ಆಗಿರಲಿಲ್ಲ, ಬರೀ ಎದೆಬಡಿತದ ಸದ್ದು. ವಿಶುವಲ್ ನಾವೆಲ್ ಮಾಡುವವರಿಗೆಂದೇ 2005ರಿಂದ ಮಾರ್ಚ್ ತಿಂಗಳಿಡೀ ‘ನ್ಯಾನೋರೆನೋ’ ನಡೆದುಕೊಂಡು ಬಂದಿದೆ.

ಜಾಮ್ ಬಗ್ಗೆ ಬರೆಯುವವರೆಲ್ಲ ದೊಡ್ಡದಾಗಿ ಬೆಳೆದ ಆಟಗಳನ್ನೇ ಉದಾಹರಿಸುತ್ತಾರೆ. ನಾಲ್ಕೇ ದಿನದಲ್ಲಿ ಹುಟ್ಟಿ 2018ರಲ್ಲಿ ಪೂರ್ಣರೂಪ ಪಡೆದ ‘ಸೆಲೆಸ್ಟ್’, 2017ರ ನಾರ್ಡಿಕ್ ಗೇಮ್ ಜಾಮ್‌ನಿಂದ ಬಂದ ‘ಬಾಬಾ ಈಸ್ ಯೂ’. ಎರಡೂ ಅದ್ಭುತ ಆಟಗಳೇ. ಆದರೂ ಮೊದಲ ಬಾರಿಗೆ ಕೂತವರಿಗೆ ಈ ಕಥೆಗಳಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಎಂದು ನನಗನ್ನಿಸುತ್ತದೆ. ಅವನ್ನು ಕೇಳಿದ ಹುಡುಗ ಹದಿನೈದು ನಿಮಿಷದ ಆಟ ಬರೆಯಲು ಕೂತಾಗಲೂ ಕಣ್ಣೆದುರು ಪ್ರಶಸ್ತಿ ಗೆದ್ದ ಆಟವನ್ನೇ ಇಟ್ಟುಕೊಂಡಿರುತ್ತಾನೆ. ಮೂರನೆಯ ದಿನ ತನ್ನ ಬೂದು ಪರದೆಯನ್ನು ಅದರ ಪಕ್ಕ ಇಟ್ಟು ನೋಡುತ್ತಾನೆ. ಕೈ ಸೋಲುವುದು ಅಲ್ಲಿಯೇ.

ವಿಶುವಲ್ ನಾವೆಲ್‌ನಲ್ಲಿ ಓಡಾಟ, ಹೊಡೆದಾಟ ಇರಬೇಕೆಂದಿಲ್ಲ. ಹಿಂದೆ ಒಂದು ಸ್ಥಿರಚಿತ್ರ, ಅದರ ಮುಂದೆ ಪಾತ್ರ, ಕೆಳಗೆ ಮಾತಿನ ಪೆಟ್ಟಿಗೆ. ನಡುನಡುವೆ ಆಡುವವರು ಏನು ಹೇಳಬೇಕೆಂದು ಆರಿಸಿಕೊಳ್ಳುತ್ತಾರೆ. ಇದು ಬೆಳೆದದ್ದು ಜಪಾನಿನಲ್ಲಿ. ಮುಂದೆ ‘ಡ್ರ್ಯಾಗನ್ ಕ್ವೆಸ್ಟ್’ ಮಾಡಿದ ಯೂಜಿ ಹೋರಿಯ 1983ರ ಪತ್ತೇದಾರಿ ಆಟ ‘ಪೋರ್ಟೋಪಿಯಾ’ವನ್ನು ಈ ಪ್ರಕಾರದ ಪೂರ್ವಜರಲ್ಲಿ ಎಣಿಸುತ್ತಾರೆ. ಕನ್ನಡದ ಕಿವಿಗೆ ಇದು ಪರಕೀಯವೇನಲ್ಲ. ಪರದೆಯ ಹಿಂದೆ ಕೂತು ಒಬ್ಬನೇ ಹತ್ತು ಪಾತ್ರಗಳ ಮಾತಾಡುವ ತೊಗಲುಗೊಂಬೆಯಾಟ ನಮ್ಮಲ್ಲಿದೆ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾಯಿತು. ಅದರ ನಾಟಕಗಳನ್ನು ಕೇಳಿ ಬೆಳೆದ ಮನೆಗಳಲ್ಲಿ ಬರೀ ಧ್ವನಿಯಿಂದ, ಒಂದು ಬಾಗಿಲ ಕಿರ್‌ಗುಟ್ಟುವಿಕೆಯಿಂದ ಇಡೀ ಮನೆ ಕಣ್ಣಿಗೆ ಕಟ್ಟುತ್ತದೆಂಬುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಇದೇ ಊರಿನ ಶ್ರೀರಂಗರು ಏಕಾಂಕಗಳನ್ನು ರಾಶಿ ರಾಶಿಯಾಗಿ ಬರೆದರು. ಒಂದು ಕೋಣೆ, ಮೂವರು ಮನುಷ್ಯರು, ಅರ್ಧ ಗಂಟೆ ಎಂಬ ಆ ಅಳತೆಯನ್ನು ಜಾಮ್‌ಗೆ ಕೂತವರು ಇಂದೂ ಕಲಿಯಬೇಕು.

ಉಪಕರಣಕ್ಕೆ ದುಡ್ಡು ಬೇಕಿಲ್ಲ. ಟಾಮ್ ರಾಥಮೆಲ್ 2004ರಲ್ಲಿ ಬಿಡುಗಡೆ ಮಾಡಿದ ರೆನ್‌ಪೈ ಉಚಿತ, ಮುಕ್ತ ತಂತ್ರಾಂಶ. ಲೇಬಲ್, ಮೆನು, ಜಂಪ್ ಎಂಬ ಮೂರು ಆಜ್ಞೆಗಳು ಗೊತ್ತಾದರೆ ಚಿಕ್ಕ ಕಥೆಯೊಂದನ್ನು ನಡೆಸಬಹುದು. ಲೇಬಲ್ ಎಂದರೆ ದೃಶ್ಯಕ್ಕೆ ಇಟ್ಟ ಹೆಸರು. ಮೆನು ಆಯ್ಕೆಗಳನ್ನು ಮುಂದಿಡುತ್ತದೆ. ಜಂಪ್ ಹೆಸರಿಟ್ಟ ದೃಶ್ಯಕ್ಕೆ ಕರೆದೊಯ್ಯುತ್ತದೆ. ಚಿತ್ರವೂ ಬೇಡ, ಬರೀ ಮಾತು ಸಾಕೆನ್ನುವವರಿಗೆ ಕ್ರಿಸ್ ಕ್ಲಿಮಸ್ 2009ರಲ್ಲಿ ಹೊರತಂದ ಟ್ವೈನ್ ಇನ್ನೂ ಹಗುರ.

ಈಗ ಮನಸ್ಸಿನ ಮಾತು. ಉತ್ಸಾಹ ಮೊದಲು ಬರಬೇಕು, ಕೆಲಸ ಆಮೇಲೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಮನಃಶಾಸ್ತ್ರದಲ್ಲಿ 1970ರ ದಶಕದಿಂದ ಪೀಟರ್ ಲೆವಿನ್ಸನ್ ಮೊದಲಾದವರು ಬೆಳೆಸಿದ ಒಂದು ಚಿಕಿತ್ಸಾ ಕ್ರಮ ಈ ನಂಬಿಕೆಯನ್ನು ತಿರುವಿ ಹಾಕುತ್ತದೆ. ಕುಗ್ಗಿದ ಮನಸ್ಸು ಏಳಲಿ ಎಂದು ಕಾಯುವ ಬದಲು, ಗೊತ್ತುಮಾಡಿದ ಹೊತ್ತಿಗೆ ಗೊತ್ತುಮಾಡಿದ ಚಿಕ್ಕ ಕೆಲಸ ಮಾಡುವುದು. ಮಾಡಿದ್ದರ ಫಲ ಕಂಡಾಗ ಮನಸ್ಸು ಹಿಂದಿನಿಂದ ಬರುತ್ತದೆ ಎಂಬುದು ಅದರ ತಿರುಳು. ತೆರೆಸಾ ಅಮಬಿಲೆ ಮತ್ತು ಸ್ಟೀವನ್ ಕ್ರೇಮರ್ ಏಳು ಕಂಪನಿಗಳ 238 ಮಂದಿಯ ದಿನಚರಿಗಳನ್ನು, ಸುಮಾರು 12 ಸಾವಿರ ದಾಖಲೆಗಳನ್ನು ಓದಿ 2011ರಲ್ಲಿ ಬರೆದ ಪುಸ್ತಕದಲ್ಲಿಯೂ ಇದಕ್ಕೆ ಹೊಂದುವ ಮಾತಿದೆ: ಕೆಲಸದ ದಿನವನ್ನು ಒಳ್ಳೆಯ ದಿನವಾಗಿಸುವುದರಲ್ಲಿ ಎಲ್ಲಕ್ಕಿಂತ ಮುಂದೆ ನಿಲ್ಲುವುದು ಅರ್ಥವುಳ್ಳ ಕೆಲಸದಲ್ಲಿ ಒಂದು ಹೆಜ್ಜೆ ಮುಂದೆ ಹೋದೆನೆಂಬ ಅರಿವು. ಹೆಜ್ಜೆ ದೊಡ್ಡದಾಗಿರಬೇಕಿಲ್ಲ, ಕಾಣುವಂತಿರಬೇಕು. ಆಟ ದೊಡ್ಡದಾದಷ್ಟೂ ದಿನದ ಹೆಜ್ಜೆ ಕಾಣುವುದಿಲ್ಲ. ನಮ್ಮ ಹುಡುಗರ ಬೇಸರದ ಬೇರು ಸೋಮಾರಿತನದಲ್ಲಿಲ್ಲ, ಅಳತೆ ತಪ್ಪಿದ ಯೋಜನೆಯಲ್ಲಿದೆ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಅಳತೆ ಎಲ್ಲಿ ತಪ್ಪುತ್ತದೆ? ಬಹುಪಾಲು ಕವಲುಗಳಲ್ಲಿ. ಒಂದು ಕಥೆಯಲ್ಲಿ ಐದು ಕಡೆ ಆಯ್ಕೆ ಕೊಡುತ್ತೀರಿ, ಪ್ರತಿ ಕಡೆ ಎರಡೆರಡು ದಾರಿ ಎಂದಿಟ್ಟುಕೊಳ್ಳಿ. ಪ್ರತಿ ದಾರಿಯೂ ಬೇರೆಯಾಗಿಯೇ ಮುಂದೆ ಹೋದರೆ ಕೊನೆಗೆ 32 ಮುಕ್ತಾಯಗಳು. ಬರೆಯಬೇಕಾದ ದೃಶ್ಯಗಳು ಒಟ್ಟು 63. ದೃಶ್ಯಕ್ಕೆ 200 ಪದವೆಂದರೂ 12,600 ಪದ. ಆಡುವವರು ಒಂದು ಸಲಕ್ಕೆ ಓದುವುದು ಇದರಲ್ಲಿ ಆರು ದೃಶ್ಯ, 1,200 ಪದ ಮಾತ್ರ. ಉಳಿದ ಹನ್ನೊಂದು ಸಾವಿರ ಚಿಲ್ಲರೆ ಪದಗಳನ್ನು ಬಹಳ ಜನ ನೋಡುವುದೇ ಇಲ್ಲ. ಬರೆಯುವವರ ಉಸಿರು ಕಟ್ಟುವುದು ಆ ಕಾಣದ ಪದಗಳ ಭಾರಕ್ಕೆ.

ಇದರ ಬದಲು ಕವಲು ಒಡೆದ ಕೂಡಲೇ ಮತ್ತೆ ಕೂಡಿಸಿ. ಆಯ್ಕೆಗೆ ತಕ್ಕಂತೆ 60 ಪದದ ಉತ್ತರ ಬರೆದು, ಎರಡೂ ದಾರಿಗಳನ್ನು ಅದೇ ಮುಂದಿನ ದೃಶ್ಯಕ್ಕೆ ತಂದು ಸೇರಿಸಿ. ಆರು ಮುಖ್ಯ ದೃಶ್ಯಗಳಿಗೆ 1,200 ಪದ, ಹತ್ತು ಚಿಕ್ಕ ಉತ್ತರಗಳಿಗೆ 600. ಒಟ್ಟು 1,800 ಪದದಲ್ಲಿ ಕಥೆ ಮುಗಿಯಿತು. ಆಯ್ಕೆಗೆ ಬೆಲೆ ಇಲ್ಲದಂತಾಗುತ್ತದಲ್ಲ ಎಂದು ಕೇಳಬಹುದು. ಹಾಗಾಗದಂತೆ ಮಾಡುವುದು ನೆನಪು. ಎರಡನೆಯ ದೃಶ್ಯದಲ್ಲಿ ಆಡುವವರು ಸುಳ್ಳು ಹೇಳಿದ್ದನ್ನು ಕಂಪ್ಯೂಟರಿಗೆ ಒಂದು ಚರಾಂಕದಲ್ಲಿ ಬರೆದಿಟ್ಟುಕೊಳ್ಳಲು ಹೇಳಿ. ಆರನೆಯ ದೃಶ್ಯದಲ್ಲಿ ಎದುರಿನ ಪಾತ್ರ ಅದನ್ನು ಒಂದೇ ವಾಕ್ಯದಲ್ಲಿ ಎತ್ತಿ ಆಡಲಿ. ತನ್ನ ಮಾತನ್ನು ಯಾರೋ ನೆನಪಿಟ್ಟುಕೊಂಡಿದ್ದಾರೆ ಎನ್ನುವುದು ಆಡುವವರನ್ನು ತಟ್ಟುವಷ್ಟು ಹತ್ತನೆಯ ಮುಕ್ತಾಯ ತಟ್ಟುವುದಿಲ್ಲ.

ಒಂದು ಉದಾಹರಣೆ ಕಟ್ಟೋಣ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ಸು. ದೂರ ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಕಿಟಕಿಯ ಪಕ್ಕದ ಸೀಟಿನಲ್ಲಿ ಒಬ್ಬ ವಿದ್ಯಾರ್ಥಿನಿ. ಅವಳ ಚೀಲದಲ್ಲಿ ಕಾಲೇಜು ಬಿಡುವ ಅರ್ಜಿ, ಸಹಿ ಇನ್ನೂ ಹಾಕಿಲ್ಲ. ಪಕ್ಕಕ್ಕೆ ಬಂದು ಕೂತ ಅಜ್ಜಿ ಮಾತು ತೆಗೆಯುತ್ತಾಳೆ. ಕಥೆ ನಡೆಯುವ ಜಾಗ ಅದೊಂದೇ, ಮಾತಾಡುವವರು ಇಬ್ಬರೇ. ವಿದ್ಯಾನಗರ, ಉಣಕಲ್, ನವನಗರ, ರಾಯಾಪುರ, ಸತ್ತೂರು, ವಿದ್ಯಾಗಿರಿ ಎಂದು ನಿಲ್ದಾಣಗಳೇ ದೃಶ್ಯಗಳನ್ನು ಕತ್ತರಿಸಿ ಕೊಡುತ್ತವೆ. ಜುಬಿಲಿ ಸರ್ಕಲ್ ಬಂದರೆ ಕಥೆ ಮುಗಿಯಲೇಬೇಕು. ಎಲ್ಲಿ ನಿಲ್ಲಿಸಲಿ ಎಂಬ ಚಿಂತೆಯಿಲ್ಲ. ಬೇಕೆಂದರೆ ಎರಡು ಮುಕ್ತಾಯ: ಅವಳು ಇಳಿಯುತ್ತಾಳೆ, ಅಥವಾ ಅದೇ ಬಸ್ಸಿನಲ್ಲಿ ಹಿಂದಿರುಗುತ್ತಾಳೆ.

ಮಾತು ಹೀಗೆ ಶುರುವಾಗಬಹುದು. ‘ಎಲ್ಲಿಗವ್ವಾ?’ ‘ಧಾರವಾಡಕ್ರೀ.’ ‘ಓದಾಕತ್ತೀಯೇನು?’ ಇಲ್ಲಿ ಆಡುವವರ ಮುಂದೆ ಎರಡು ಆಯ್ಕೆ. ಒಂದು, ‘ಹೂಂ ರೀ.’ ಇನ್ನೊಂದು, ‘ಓದತಿದ್ದೆ ರೀ.’ ಎರಡನೆಯದನ್ನು ಒತ್ತಿದವರು ಚೀಲದೊಳಗಿನ ಅರ್ಜಿಯ ಗುಟ್ಟನ್ನು ಅರ್ಧ ಬಿಟ್ಟುಕೊಟ್ಟಂತೆ. ಮೊದಲನೆಯದನ್ನು ಒತ್ತಿದವರು ಇನ್ನು ಐದು ನಿಲ್ದಾಣ ಆ ‘ಹೂಂ’ ಅನ್ನು ಹೊತ್ತುಕೊಂಡೇ ಹೋಗಬೇಕು. ದುಬಾರಿ ಗ್ರಾಫಿಕ್ಸ್‌ನಿಂದ ಬರಿಸಲಾಗದ ಬಿಗಿ ಇದು. ಹಾಗೆಂದು ಪಾತ್ರಗಳ ಬಾಯಿಗೆ ಪುಸ್ತಕದ ಕನ್ನಡ ತುರುಕಬೇಡಿ. ನಮ್ಮ ಮಕ್ಕಳು ಗೇಮ್ ಬರೆಯಲು ಕೂತೊಡನೆ ‘ನಾನು ನಿಮ್ಮನ್ನು ಭೇಟಿಯಾಗಲು ಬಂದಿದ್ದೇನೆ’ ಎಂದು ಬರೆಯುವುದನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಮನೆಯಲ್ಲಿ ಆಡುವ ಮಾತು ಪರದೆಯ ಮೇಲೆ ಬರಲಿಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಅದನ್ನು ಬರೆಯುವುದಕ್ಕೆ ಹೆಚ್ಚು ಉತ್ಸಾಹವೂ ಬೇಡ, ಕಿವಿ ತೆರೆದಿದ್ದರೆ ಆಯಿತು.

ಕಾಲೇಜು ಬಿಡಲು ಹೊರಟ ಹುಡುಗಿಯನ್ನೇ ಆರಿಸಿದ್ದಕ್ಕೂ ಕಾರಣವಿದೆ. ಬೇಸರವಿದ್ದಾಗ ವೀರರ ಕಥೆ ಬರೆಯುವುದು ಕಷ್ಟ. ಬೇಸರಗೊಂಡವರ ಕಥೆ ಅಷ್ಟು ಕಷ್ಟವಲ್ಲ. ಪಕ್ಕದ ಗೋವಾದ ಫ್ರಾಸ್ಟ್‌ವುಡ್ ಇಂಟರ್‌ಆ್ಯಕ್ಟಿವ್ 2021ರಲ್ಲಿ ಹೊರತಂದ ‘ಫರ್ಗಾಟನ್ ಫೀಲ್ಡ್ಸ್’ ಆಟದ ನಾಯಕ, ಗಡುವು ಹತ್ತಿರ ಬಂದರೂ ಬರೆಯಲಾಗದೆ ಒದ್ದಾಡುವ ಕಾದಂಬರಿಕಾರ.

ಇನ್ನು ಕನ್ನಡ ಅಕ್ಷರಗಳ ವಿಷಯ. ಬಹಳ ಜನ ಇಲ್ಲಿಯೇ ಸೋತು ಇಂಗ್ಲಿಷಿಗೆ ಹೋಗುತ್ತಾರೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯೂನಿಕೋಡ್‌ನಲ್ಲಿ ‘ಸ್ತ್ರೀ’ ಎಂಬ ಒಂದು ಅಕ್ಷರ ಆರು ಸಂಕೇತಗಳ ಸಾಲು: ಸಕಾರ, ವಿರಾಮ ಚಿಹ್ನೆ, ತಕಾರ, ಮತ್ತೆ ವಿರಾಮ ಚಿಹ್ನೆ, ರಕಾರ, ದೀರ್ಘ ಈಕಾರದ ಗುರುತು. ಇವನ್ನು ಜೋಡಿಸಿ, ಒತ್ತಕ್ಷರಗಳನ್ನು ಕೆಳಗಿಳಿಸಿ, ಒಂದು ರೂಪ ಕೊಡಲು ಬೇರೆಯೇ ಒಂದು ತಂತ್ರಾಂಶ ಬೇಕು. ಆ ಕೆಲಸ ಮಾಡುವ ಮುಕ್ತ ತಂತ್ರಾಂಶದ ಹೆಸರು ಹಾರ್ಫ್‌ಬಜ್. ಬ್ರೌಸರುಗಳಲ್ಲಿ ಇಂಥ ವ್ಯವಸ್ಥೆ ಮೊದಲೇ ಇರುವುದರಿಂದ ಟ್ವೈನ್‌ನಲ್ಲಿ ಕನ್ನಡ ಸರಿಯಾಗಿ ಕಾಣುತ್ತದೆ. ಗೇಮ್ ಎಂಜಿನ್‌ಗಳಲ್ಲಿ ಹಾಗಿರಲಿಲ್ಲ. ಹಳೆಯ ರೆನ್‌ಪೈನಲ್ಲಿ ಹುಬ್ಬಳ್ಳಿ ಎಂದು ಬರೆದರೆ ‘ಹುಬ್‌ಬಳ್‌ಳಿ’ ಎಂಬಂತೆ ಒಡೆದು ಕಾಣುತ್ತಿತ್ತು. 8.2ನೇ ಆವೃತ್ತಿಯಿಂದ ರೆನ್‌ಪೈ ಹಾರ್ಫ್‌ಬಜ್ ಬಳಸುತ್ತದೆ. 2023ರಲ್ಲಿ ಬಂದ ಗೊಡೊ 4 ಎಂಬ ಎಂಜಿನ್ ಕೂಡ ಬಳಸುತ್ತದೆ. ಯೂನಿಟಿ ಎಂಜಿನ್‌ನಲ್ಲಿ ಅಕ್ಷರ ಮೂಡಿಸುವ ಟೆಕ್ಸ್ಟ್‌ಮೆಶ್ ಪ್ರೋ ತಾನಾಗಿ ಈ ಕೆಲಸ ಮಾಡುವುದಿಲ್ಲ. ಆದ್ದರಿಂದ ಕನ್ನಡದ ಚಿಕ್ಕ ಆಟಕ್ಕೆ ಕೂತವರು ಯೂನಿಟಿಯ ಕಡೆ ಹೋಗದಿರುವುದೇ ಮೇಲು.

ರೆನ್‌ಪೈನ ಜೊತೆಗೇ ಬರುವ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳಿಲ್ಲ, ಹಾಗೆಯೇ ಓಡಿಸಿದರೆ ಖಾಲಿ ಚೌಕಗಳು ಕಾಣುತ್ತವೆ. ನೋಟೋ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮದಂಥ ಮುಕ್ತ ಪರವಾನಗಿಯ ಫಾಂಟನ್ನು ‘ಗೇಮ್’ ಫೋಲ್ಡರಿಗೆ ಹಾಕಿ, ವಿನ್ಯಾಸದ ಕಡತದಲ್ಲಿ ಅದರ ಹೆಸರು ಕೊಡಿ. ಮೊದಲ ದಿನವೇ ‘ಹುಬ್ಬಳ್ಳಿ, ಸ್ತ್ರೀ, ಸೂರ್ಯ, ಕರ್ನಾಟಕ’ ಎಂದು ಬರೆದು ಒತ್ತು, ಅರ್ಕಾವತ್ತು ಎಲ್ಲ ಸರಿ ಇವೆಯೇ ನೋಡಿ. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವಿನ ಅಂತರ ಹೆಚ್ಚಿಸಬೇಕು. ಕನ್ನಡದ ಪದಗಳು ಉದ್ದವಾದ್ದರಿಂದ ಇಂಗ್ಲಿಷಿಗೆಂದು ಅಳೆದ ಪೆಟ್ಟಿಗೆ ಬೇಗ ತುಂಬುತ್ತದೆ. ಒಂದು ಸಲಕ್ಕೆ ಎರಡು ಸಾಲು ಮಾತು ಸಾಕು. ಹಳೆಯ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಕಡತಗಳಲ್ಲಿ ಕಥೆ ಇದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಕೆಲಸದ ಕ್ರಮದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ, ಆದರೆ ಅದು ಎಲ್ಲಕ್ಕಿಂತ ಮುಖ್ಯ: ಮೊದಲ ದಿನವೇ ಆಟವನ್ನು ಮುಗಿಸಿಬಿಡಿ. ಹಿನ್ನೆಲೆಗೆ ಬೂದು ಬಣ್ಣ, ಪಾತ್ರಕ್ಕೆ ಬರೀ ಹೆಸರು, ದೃಶ್ಯಕ್ಕೆ ಎರಡೇ ಸಾಲು; ಆದರೆ ಶುರುವಿನಿಂದ ಮುಕ್ತಾಯದವರೆಗೆ ಎಲ್ಲ ದಾರಿಗಳೂ ತೆರೆದಿರಬೇಕು, ಆಡಿ ಮುಗಿಸಲು ಬರಬೇಕು. ಮಾರನೆಯ ದಿನದಿಂದ ನೀವು ಮಾಡುವುದೆಲ್ಲ ತಿದ್ದುವ ಕೆಲಸ. ಬಹುತೇಕರು ಮೊದಲ ದೃಶ್ಯವನ್ನು ಸಿಂಗರಿಸುತ್ತ ಕೂರುತ್ತಾರೆ. ಮನಸ್ಸು ಸೋತ ದಿನ ಅವರ ಕೈಯಲ್ಲಿ ಉಳಿಯುವುದು ಚೆಂದದ ಆರಂಭ ಮಾತ್ರ, ಆಟವಲ್ಲ. ಪೂರ್ತಿ ಕಟ್ಟಿ ಆಮೇಲೆ ತಿದ್ದುವವರು ಯಾವ ದಿನ ನಿಲ್ಲಿಸಿದರೂ ಒಪ್ಪಿಸಲು ಒಂದು ಆಟವಿರುತ್ತದೆ. ಹಾಗೆಯೇ ಕೆಲಸಗಳನ್ನು ಎರಡಾಗಿ ವಿಂಗಡಿಸಿಡಿ. ಮನಸ್ಸು ಚುರುಕಾಗಿರುವ ಹೊತ್ತಿಗೆ ಮಾತು ಬರೆಯುವುದು. ಏನೂ ಬೇಡವೆನ್ನಿಸುವ ಹೊತ್ತಿಗೆ ಚಿತ್ರಗಳ ಅಳತೆ ಸರಿಪಡಿಸುವುದು, ಕಾಗುಣಿತ ನೋಡುವುದು, ಕಡತಗಳಿಗೆ ಸರಿಯಾದ ಹೆಸರಿಡುವುದು. ಈ ಎರಡನೆಯ ಪಟ್ಟಿಯನ್ನು ಚುರುಕಾಗಿದ್ದಾಗಲೇ ಬರೆದಿಟ್ಟಿರಬೇಕು. ಸೋತ ಮನಸ್ಸು ಏನು ಮಾಡಲಿ ಎಂದು ಯೋಚಿಸುವುದರಲ್ಲೇ ದಿನ ಕಳೆಯುತ್ತದೆ.

ಚಿತ್ರಗಳಿಗೆ ಮೊಬೈಲ್ ಕ್ಯಾಮೆರಾ ಸಾಕು. ಉಣಕಲ್ ಕೆರೆ, ದುರ್ಗದಬೈಲು, ಸಾಧನಕೇರಿ, 1,507 ಮೀಟರ್ ಉದ್ದದ ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್. ಫೋಟೊ ತೆಗೆದು ಬಣ್ಣಗಳನ್ನು ನಾಲ್ಕಕ್ಕೆ ಇಳಿಸಿದರೆ ಎಲ್ಲಕ್ಕೂ ಒಂದೇ ಛಾಯೆ ಬರುತ್ತದೆ. ದಾರಿಹೋಕರ ಮುಖಗಳು ಬೇಡ. ಬಸ್ಸಿನ ಬಾಗಿಲ ಸದ್ದು, ಮಳೆಯ ಸದ್ದು ಫೋನಿನಲ್ಲೇ ಸೆರೆಯಾಗುತ್ತದೆ. ಹಾಡು ಹಾಕುವಾಗ ಎಚ್ಚರ. ನಮ್ಮ ಕಾನೂನಿನಲ್ಲಿ ಕವಿಯ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು, ಅವರ ಕವನಗಳ ಹಕ್ಕು 2041ರ ಕೊನೆಯವರೆಗೆ ಉಂಟು. ಅನುಮತಿ ಇಲ್ಲದೆ ಬಳಸುವಂತಿಲ್ಲ. 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ತತ್ವಪದಗಳು ಎಲ್ಲರ ಸ್ವತ್ತು. ಆದರೆ ಈಚಿನ ಗಾಯಕರು ಹಾಡಿದ ಧ್ವನಿಮುದ್ರಣ ಹಾಗಲ್ಲ. ನಿಮ್ಮ ಗೆಳತಿಯೇ ಹಾಡಿದರೆ ಆ ತೊಡಕೂ ಇಲ್ಲ.

ಇಲ್ಲಿ ಒಂದು ಮಾತನ್ನು ತಡೆದು ಹೇಳಬೇಕು. ಇಷ್ಟು ಹೊತ್ತು ಮಾತಾಡಿದ್ದು ಕೆಲಸದ ಬೇಸರದ ಬಗ್ಗೆ. ವಾರಗಟ್ಟಲೆ ನಿದ್ದೆ ಕೆಟ್ಟು, ಊಟ ಸೇರದೆ, ಯಾವುದರಲ್ಲೂ ಸಂತೋಷವಿಲ್ಲದೆ, ಬದುಕೇ ಬೇಡವೆನ್ನಿಸುತ್ತಿದ್ದರೆ ಅದು ಆಟ ಚಿಕ್ಕದು ಮಾಡಿ ದಾಟುವ ಬೇಸರವಲ್ಲ. ಧಾರವಾಡದಲ್ಲೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ದುಡ್ಡಿಲ್ಲ. ಜಾಮ್ ಮುಂದಿನ ವರ್ಷವೂ ಬರುತ್ತದೆ.

ಒಬ್ಬರೇ ಕೂತಾಗ ಕೈಬಿಡುವುದು ಸುಲಭ. ಧಾರವಾಡದ ಸಾಹಿತ್ಯಕ್ಕೆ ಈ ಸತ್ಯ ಗೊತ್ತಿತ್ತು. 1933ರಲ್ಲಿ ಮನೋಹರ ಗ್ರಂಥಮಾಲೆ ಶುರುವಾಯಿತು. ಅದನ್ನು ನಡೆಸಿದ ಜಿ.ಬಿ. ಜೋಶಿಯವರು ಲೇಖಕರ ಬೆನ್ನುಹತ್ತಿ ಬರೆಸಿದವರೆಂದೇ ಹೆಸರಾದರು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಹೊರಬಂದದ್ದು ಅಲ್ಲಿಂದಲೇ. ‘ಎಲ್ಲಿಗೆ ಬಂತು?’ ಎಂದು ಕೇಳುವ ಅಂಥ ಒಬ್ಬರು ಪ್ರತಿ ತಂಡಕ್ಕೂ ಬೇಕು. ಆಟ ಮಾಡುವವರೇ ಅಲ್ಲದಿದ್ದರೂ ಸರಿ, ದಿನಾ ಸಂಜೆ ಅಂದಿನ ಪ್ರತಿಯನ್ನು ಆಡಿ ನೋಡುವವರು.

ಊರು ಚಿಕ್ಕದು ಎಂಬುದು ಅಡ್ಡಿಯಲ್ಲ. ಗುಜರಾತಿನ ವಾಪಿಯ ಬಳಿಯ ಛಲಾದಲ್ಲಿ ಕೂತು ಧ್ರುವ ಜಾನಿ ಮತ್ತು ಸುಶಾಂತ ಚಕ್ರವರ್ತಿಯವರ ಸ್ಟುಡಿಯೋ ಓಲಿಯೊಮಿಂಗಸ್ ಮಾಡಿದ ಕಥನ ಆಟಗಳನ್ನು ಜಗತ್ತಿನ ಬೇರೆ ಬೇರೆ ಕಡೆ ಆಡುತ್ತಾರೆ. ಕರ್ನಾಟಕವಂತೂ ಅನಿಮೇಷನ್ ಮತ್ತು ಗೇಮಿಂಗ್‌ಗೆ ಪ್ರತ್ಯೇಕ ನೀತಿಯನ್ನು 2012ರಲ್ಲೇ ತಂದ ರಾಜ್ಯ. ಅದರ ಫಲ ಹೆಚ್ಚಾಗಿ ಬೆಂಗಳೂರಿನಲ್ಲೇ ನಿಂತಿದೆ ಎಂಬ ನನ್ನ ಕೊರಗು ಹಾಗೇ ಇದೆ. ಇಲ್ಲಿ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಿದೆ, 2015ರಲ್ಲಿ ಬಂದ ಟ್ರಿಪಲ್ ಐಟಿ, 2016ರಲ್ಲಿ ಬಂದ ಐಐಟಿ ಇವೆ. ಇನ್ನೊಂದು ಕಡೆ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ವಿಭಾಗ, 1890ರಿಂದ ನಡೆದುಕೊಂಡು ಬಂದ ಕರ್ನಾಟಕ ವಿದ್ಯಾವರ್ಧಕ ಸಂಘ ಇವೆ. ಕೋಡ್ ಬರೆಯಬಲ್ಲವರು ಮತ್ತು ಮಾತು ಬರೆಯಬಲ್ಲವರು ಒಂದೇ ಬಸ್ಸಿನಲ್ಲಿ ದಿನಾ ಓಡಾಡುತ್ತಿದ್ದಾರೆ, ಪರಸ್ಪರ ಪರಿಚಯವಿಲ್ಲ. ಬರುವ ಜನವರಿಯ ಜಾಮ್‌ಗೆ ಯಾವುದಾದರೊಂದು ಕಾಲೇಜು ಶನಿವಾರ-ಭಾನುವಾರ ತನ್ನ ಕಂಪ್ಯೂಟರ್ ಲ್ಯಾಬ್ ತೆರೆದಿಟ್ಟು, ಕನ್ನಡ ಎಂ.ಎ. ಓದುವ ಹತ್ತು ಮಂದಿಯನ್ನು ಕರೆದು ಕೂರಿಸಲಿ. ವಿದ್ಯುತ್ತು, ಇಂಟರ್ನೆಟ್, ಸಂಜೆಗೆ ಒಂದಿಷ್ಟು ಮಂಡಕ್ಕಿ-ಮಿರ್ಚಿ ಬಿಟ್ಟರೆ ಬೇರೆ ಖರ್ಚಿಲ್ಲ.

ಒಪ್ಪಿಸುವಾಗ ಎರಡು ಜಾಗ್ರತೆ. ಜಾಮ್‌ನ ಗಡುವು ಯಾವ ದೇಶದ ಗಡಿಯಾರಕ್ಕೆ ಅನ್ವಯ ಎಂದು ಮೊದಲೇ ನೋಡಿಕೊಳ್ಳಿ. ಗಡುವಿನ ಹಿಂದಿನ ದಿನವೇ ಒಂದು ಪ್ರತಿ ಏರಿಸಿ, ಆಮೇಲೆ ಬೇಕಾದರೆ ತಿದ್ದಿದ್ದನ್ನು ಹಾಕಿ. ರೆನ್‌ಪೈನಲ್ಲಿ ಬ್ರೌಸರಿನೊಳಗೇ ಓಡುವ ಪ್ರತಿಯನ್ನೂ ತಯಾರಿಸಬಹುದು, ಅದನ್ನು ಬಿಡಬೇಡಿ. ನಿಮ್ಮ ಆಟದ ಮೊದಲ ಓದುಗರು ಕಂಪ್ಯೂಟರ್ ಇಲ್ಲದ ನಿಮ್ಮ ಅವ್ವ, ಅಕ್ಕ, ಊರಿನ ಗೆಳೆಯರು. ಅವರ ಕೈಯಲ್ಲಿರುವುದು ಫೋನು. ಲಿಂಕ್ ಕಳಿಸಿದರೆ ಅವರು ಅಲ್ಲೇ ತೆರೆದು ಓದುವಂತಿರಬೇಕು.